ಹುಸಿಯಲ್ಲ, ಸುಳ್ಳು

ಇವತ್ತು ಬೆಳಿಗ್ಗೆ ಜಗಲಿಯ ಮೇಲೆ ಮೊಮ್ಮಗಳು ಪದಗಳ ಅರ್ಥ ಉರು ಹೊಡೆಯುತ್ತಿದ್ದಳು. ‘ಹುಸಿ ಎಂದರೆ ಸುಳ್ಳು, ಹುಸಿ ಎಂದರೆ ಸುಳ್ಳು.’ ತಪ್ಪು ಎಂದೆ. ಪುಸ್ತಕದಲ್ಲೇ ಹಾಗಿದೆ ಎಂದಳು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಪುಸ್ತಕದ ತಪ್ಪು ಹಿಡಿಯಲು ಹೊರಟರೆ ನಿಮಗೂ ನಗು ಬರಬಹುದು. ಆದರೆ ಈ ಎರಡು ಪದ ಮಾತ್ರ ನನಗೆ ಚೆನ್ನಾಗಿ ಗೊತ್ತು.

ನಮ್ಮವ್ವ ಹೇಳುತ್ತಿದ್ದಳು: ಮಳೆ ಬರುತ್ತದೆ ಎಂದು ಹೇಳಿ, ಅದು ಬರದಿದ್ದರೆ ಮಾತು ಹುಸಿ ಹೋಯಿತು; ಬಾರದ ಮಳೆ ಬಂತು ಎಂದರೆ ಅದು ಸುಳ್ಳು.

ಎರಡನೇ ಮಹಾಯುದ್ಧದ ಕಾಲ, ನಾನಿನ್ನೂ ಹುಡುಗ. ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಲೆವಿ ರಾಗಿ ಅಳೆಸಿಕೊಳ್ಳಲು ಅವತ್ತು ಮಧ್ಯಾಹ್ನ ಜಡಿಗೇನಹಳ್ಳಿಯಿಂದ ಅಧಿಕಾರಿ ಬರುವವರಿದ್ದರು. ನಮ್ಮ ರಾಗಿ ಇದ್ದದ್ದು ಹಿತ್ತಿಲ ಹಗೇವಿನಲ್ಲಿ, ನೆಲದೊಳಗೆ ಆಳಕ್ಕೆ ತೋಡಿದ ಗುಳಿಯಲ್ಲಿ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯಬಾರದು.

ಕೋಳಿ ಕೂಗುವಾಗಲೇ ಎದ್ದು ತೆರೆದಿಡುತ್ತೇನೆಂದು ಅಣ್ಣನಿಗೆ ಮಾತು ಕೊಟ್ಟಿದ್ದೆ. ಎದ್ದಾಗ ಬಿಸಿಲೇರಿತ್ತು. ಓಡಿಹೋಗಿ ಕಲ್ಲು ಸರಿಸುವಷ್ಟರಲ್ಲಿ ಅಣ್ಣ ಮಂಕರಿ ಹಿಡಿದು ಬಂದ.

“ಯಾವಾಗ್ಲೋ ತೆಗ್ದೆ?”

“ಈಗ್ಲೇ ಕಣಣ್ಣ. ನಿದ್ದೆ ಬಂದ್ಬಿಡ್ತು.”

“ಕುಂಭಕರ್ಣ ನನ್ಮಗ್ನೆ. ದೀಪನಾದ್ರೂ ಬಿಟ್ಟು ನೋಡಿದ್ಯಾ?”

“ನೋಡ್ದೆ. ಉರೀತು.”

ದೀಪ ಅಡುಗೆಮನೆಯ ಗೂಡಿನಲ್ಲೇ ಇತ್ತು. ಒಂದು ಬೈಗುಳ ಬಿದ್ದಿತ್ತು, ಇನ್ನೊಂದು ಬೇಡ ಅನ್ನಿಸಿತು. ಅಷ್ಟೇ ಕಾರಣ.

ಅಣ್ಣ ಇಳಿದ. ಮಂಕರಿಗೆ ರಾಗಿ ಬಾಚುವ ಸದ್ದು ಕೇಳುತ್ತಿತ್ತು. ಆಮೇಲೆ ನಿಂತಿತು. ಕರೆದೆ. ಎರಡು ಹೊಲದಾಚೆಗೆ ಕೇಳುವ ಗಂಟಲು ಅವನದು, ಉತ್ತರವಿಲ್ಲ. ಇಳಿಯಲು ಒಂದು ಕಾಲು ಇಟ್ಟೆ, ಹೆದರಿ ತೆಗೆದೆ. ನನ್ನ ಕೂಗಿಗೆ ಓಡಿಬಂದ ಪಕ್ಕದ ಮನೆಯವರು ಉಸಿರು ಬಿಗಿಹಿಡಿದು ಇಳಿದು, ಹಗ್ಗ ಹಾಕಿ ಅವನನ್ನು ಎಳೆದಾಗ ತುಟಿ ನೀಲಿಯಾಗಿತ್ತು.

ಬದುಕಿದ. ಆದರೆ ಮಾತು ತೊದಲತೊಡಗಿತು, ಇವತ್ತಿಗೂ ತೊದಲುತ್ತದೆ. ನಾನು ಅತ್ತಾಗಲೆಲ್ಲ ಅವನೇ ಸಮಾಧಾನ ಹೇಳುತ್ತಿದ್ದ.

“ಬೆ... ಬೇಗ ಏಳ್ತೀನಿ ಅಂದಿದ್ದೆ, ಮಾ... ಮಾತು ಹುಸಿ ಹೋಯ್ತು. ಬಿಡ್ಲಾ.”

ಸಣ್ಣ ತಪ್ಪಿಗೆ ಸಿಕ್ಕ ಕ್ಷಮೆಯನ್ನು ದೊಡ್ಡದರ ಮೇಲೂ ಎಳೆದುಕೊಂಡು ಮುದುಕನಾದೆ.

ಹಾಗಾದರೆ ವ್ಯತ್ಯಾಸ ಏನು ಹೇಳು ತಾತ, ಎಂದಳು ಮೊಮ್ಮಗಳು. ಅವಳಿಗೆ ಹೇಳಲಿಲ್ಲ. ಎದ್ದು ಪಕ್ಕದಲ್ಲೇ ಇರುವ ಅಣ್ಣನ ಮನೆಗೆ ಹೋದೆ. ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ.

“ಅಣ್ಣ, ಅವತ್ತು ನಾನು ದೀಪ ಇಳಿಸಿರ್ಲಿಲ್ಲ.”

ಕುಟ್ಟುವ ಸದ್ದು ನಿಂತಿತು. ಅವನ ತುಟಿ ಅಲುಗುತ್ತಿದೆ. ತೊದಲುವವನ ಉತ್ತರಕ್ಕೆ ಕಾಯಬೇಕು. ಕಾಯುತ್ತಿದ್ದೇನೆ.