ಹಲಗೆಯ ಮೇಲಿನ ಮೂರು ಅಕ್ಷರ

ಕೋಲಾರದ ಬಸ್‌ಸ್ಟ್ಯಾಂಡಿನ ಹಿಂದೆ ಹಲ್ಲು ಕೀಳುತ್ತಿದ್ದ ಆಂಜಿನಪ್ಪನ ಬೋರ್ಡು ಬರೆದವನು ನಾನೇ, ಪೇಂಟರ್ ಕೋದಂಡರಾಮಪ್ಪ. ಒಂದಲ್ಲ, ಎರಡು ಸಲ ಬರೆದೆ. ಎರಡನೆಯದನ್ನು ಒಂದೊಂದು ಅಕ್ಷರಕ್ಕೂ ಯೋಚಿಸಿ ಬರೆದೆ. ಯೋಚಿಸಬೇಕಾಗಿದ್ದುದು ಮೊದಲನೆಯ ಸಲ.

ಆಂಜಿನಪ್ಪ ಹುತ್ತೂರಿನವನು. ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಹಾಕಿ ಬೇಸತ್ತು ಬೆಂಗಳೂರು ಸೇರಿ, ದಂಡು ಪ್ರದೇಶದಲ್ಲಿದ್ದ ಲಿಯು ಎಂಬ ಚೀನೀ ದಂತವೈದ್ಯರ ಬಳಿ ಏಳು ವರ್ಷ ಕೆಲಸ ಕಲಿತ. ಮಕ್ಕಳಿಲ್ಲದ ಮುದುಕರು. ವಿದ್ಯೆ ಕೊಟ್ಟರು, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಊಟ ಹಾಕಿದರು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಇವನಿಗೆ ಸ್ವಂತ ಅಂಗಡಿಯ ಆಸೆ ಹುಟ್ಟಿತು. ಚೀನೀಯರು ಹಲ್ಲು ಕಿತ್ತರೆ ನೋವಾಗುವುದಿಲ್ಲ ಎಂದು ಆಗ ನಮ್ಮ ಜನರ ನಂಬಿಕೆ. ಆಂಜಿನಪ್ಪ ಎಂದು ಬೋರ್ಡು ಹಾಕಿದರೆ ಯಾರು ಬಾಯಿ ತೆರೆಯುತ್ತಾರೆ?

"ಸಾರ್, ನಿಮ್ಮ ಕಡೇದೊಂದು ಹೆಸರು ನಂಗೂ ಕೊಡಿ" ಎಂದು ಕೇಳಿದ. ಲಿಯು ನಗಲಿಲ್ಲ. ಹುಟ್ಟಿದ್ದು ಯಾವಾಗ, ಈಗಿನ ಹೆಸರಿಗೆ ಅರ್ಥವೇನು ಎಂದೆಲ್ಲ ವಿಚಾರಿಸಿದರು. "ಹೆಸರು ಸುಮ್ನೆ ಇಡೋದಲ್ಲ. ಯೋಚನೆ ಮಾಡ್ತೀನಿ, ತಡಿ" ಎಂದರಂತೆ.

ಇವನು ತಡೆಯಲಿಲ್ಲ. ಯುಗಾದಿಗೆ ಅಂಗಡಿ ಪೂಜೆ ನಿಗದಿಯಾಗಿತ್ತು. ಲಿಯು ಅವರ ಕೋಣೆಯಲ್ಲಿ ಮೂರು ಅಕ್ಷರ ಕೆತ್ತಿದ ಒಂದು ಕಪ್ಪು ಹಲಗೆಯಿತ್ತು. ದಿನಾ ಬೆಳಿಗ್ಗೆ ಅದರ ಮುಂದೆ ಊದುಬತ್ತಿ ಹಚ್ಚಿ "ಲಿಯು ವೆನ್ ಶಾನ್" ಎನ್ನುತ್ತಿದ್ದರು. ಆ ಅಕ್ಷರಗಳನ್ನು ಸಿಗರೇಟ್ ಪ್ಯಾಕಿನ ಮೇಲೆ ಗೀಚಿಕೊಂಡು ಆಂಜಿನಪ್ಪ ನನ್ನ ಬಳಿ ಬಂದ.

"ಕೇಳ್ದೇನ್ಲಾ ಅವ್ರನ್ನ?" ಎಂದೆ.

"ಕೇಳೋದೇನೈತಣ್ಣ, ಅವ್ರ ಮನೆದೇವ್ರು. ಅದಕ್ಕೇ ಅವ್ರ ಹೆಸ್ರೂ ಅದ್ರಾಗೈತೆ. ನಾನು ಆಂಜನೇಯನ ಹೆಸ್ರು ಇಟ್ಕೊಂಡಿಲ್ವಾ?"

ನನಗೂ ಸರಿಯೆನಿಸಿತು. ಮೊದಲ ಅಕ್ಷರಕ್ಕೇ ಹದಿನೈದು ಗೀಟು, ಎಣಿಸಿ ಎಣಿಸಿ ಕೆಂಪು ಬಣ್ಣದಲ್ಲಿ ಬರೆದೆ. ನನ್ನ ಜಾಣತನಕ್ಕೆ ಬೆಂಕಿ ಹಾಕ, ಕೆಳಗೆ ಮೂವತ್ತೆರಡು ಹಲ್ಲು ಕಿಸಿದ ಬಾಯಿಯನ್ನೂ ಬಿಡಿಸಿದೆ. ಮುಳಬಾಗಿಲು, ಶ್ರೀನಿವಾಸಪುರಗಳಿಂದಲೂ ಜನ ಕೆನ್ನೆ ಹಿಡಿದುಕೊಂಡು ಬರತೊಡಗಿದರು.

ಎರಡು ತಿಂಗಳ ಮೇಲೆ ಲಿಯು ಬಸ್ಸಿಳಿದು ಬಂದರು. ನಾನು ಪಕ್ಕದ ಸೋಡಾ ಅಂಗಡಿಯ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದೆ. ಅವರು ತಲೆಯೆತ್ತಿ ಬೋರ್ಡು ನೋಡಿದರು. ಟೋಪಿ ತೆಗೆದರು. ನಡುಬೀದಿಯಲ್ಲಿ ನಿಂತು ಸೊಂಟ ಬಗ್ಗಿಸಿ ಮೂರು ಸಲ ನಮಸ್ಕರಿಸಿದರು. ಸೋಡಾ ಕುಡಿಯುತ್ತಿದ್ದವರು ನಕ್ಕರು. ನಾನೂ ನಕ್ಕೆ.

ಆಂಜಿನಪ್ಪ ಇಕ್ಕಳ ಹಿಡಿದೇ ಹೊರಗೆ ಓಡಿಬಂದ.

"ಇದು ನನ್ನ ತಮ್ಮ. ತೀರಿಹೋಗಿ ಹನ್ನೊಂದು ವರ್ಷ ಆಯ್ತು" ಎಂದರು ಲಿಯು. ಬೈಯಲಿಲ್ಲ. ಕೋಟಿನ ಜೇಬಿನಿಂದ ಒಂದು ಲಕೋಟೆ ತೆಗೆದು ಅವನ ಕೈಯಲ್ಲಿಟ್ಟು, "ನಿನ್ನ ಹೆಸರು" ಎಂದರು. ಕಾಫಿಯನ್ನೂ ಕುಡಿಯದೆ ಅದೇ ಬಸ್ಸಿಗೆ ಹೊರಟುಹೋದರು.

ಅಂದೇ ಬೋರ್ಡು ಇಳಿಸಿದೆವು. 'ಆಂಜಿನಪ್ಪ, ಹುತ್ತೂರು' ಎಂದು ಬರೆದುಕೊಟ್ಟೆ. ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು. ಅವನು ಅದಕ್ಕೆ ಕೊರಗಲಿಲ್ಲ. ಲಕೋಟೆಯನ್ನು ಒಡೆಯದೆ ಮೇಜಿನ ಖಾನೆಯಲ್ಲಿಟ್ಟ. "ಹೋಗಿ ಕಾಲು ಹಿಡಿಯೋ" ಎಂದು ಎಷ್ಟು ಸಲ ಹೇಳಿದೆನೋ. "ಯಾವ ಮೊಕ ಇಟ್ಕೊಂಡು ಹೋಗ್ಲಣ್ಣ?" ಎನ್ನುತ್ತಿದ್ದ. ಹಾಗೆಯೇ ಒಂಬತ್ತು ವರ್ಷ ಕಳೆಯಿತು.

ಎಂಬತ್ಮೂರರಲ್ಲಿ ಲಿಯು ತೀರಿಕೊಂಡ ಸುದ್ದಿ ಬಂತು, ಮಣ್ಣು ಮಾಡಿ ಹದಿನೈದು ದಿನವಾದ ಮೇಲೆ. ಆಗ ಆಂಜಿನಪ್ಪ ನನ್ನ ಮುಂದೆಯೇ ಲಕೋಟೆ ಒಡೆದ. ಕೆಂಪು ಕಾಗದ, ಕುಂಚದಲ್ಲಿ ಬರೆದ ಮೂರು ಅಕ್ಷರ. ಕೊನೆಯ ಎರಡು ನಾನು ಕಂಡವಲ್ಲ. ಮೊದಲನೆಯದರ ಗೀಟುಗಳನ್ನು ಬೆರಳಿಟ್ಟು ಎಣಿಸಿದೆ. ಹದಿನೈದು. ನಾನೇ ಬರೆದಿದ್ದ ಅಕ್ಷರ.

"ಲಿಯು ಅಂತ ಕಣೋ. ಅವ್ರ ಮನೆತನದ ಹೆಸ್ರನ್ನೇ ನಿಂಗೆ ಕೊಟ್ಟವ್ರೆ" ಎಂದೆ.

ಆಂಜಿನಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಉಳಿದೆರಡು ಅಕ್ಷರಗಳನ್ನು ಯಾರಿಂದಾದರೂ ಓದಿಸೋಣ ಎಂದರೆ ಬೇಡವೆಂದು ತಲೆಯಾಡಿಸಿದ. ಕರೆಯಬೇಕಾದವರೇ ಇಲ್ಲವಲ್ಲ ಎಂದ.