ನಕ್ಷೆಯ ಕೆಳಗಿನ ಚೀಟಿ

ಅವರ ಬಲಗೈಯ ಮೂರು ಉಗುರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಫಿಲ್ಮ್ ತೊಳೆಯುವ ಔಷಧದಲ್ಲಿ ವರ್ಷಗಟ್ಟಲೆ ಅದ್ದಿ ಅದ್ದಿ ಹಾಗಾಗಿತ್ತು. ಸೋಪಿಗೂ ನಿಂಬೆಹಣ್ಣಿಗೂ ಆ ಬಣ್ಣ ಹೋಗುತ್ತಿರಲಿಲ್ಲ. ಮಾಲೂರಿನಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವರ ಫೋಟೋ ಸ್ಟುಡಿಯೋ ಇತ್ತು. ಊರಿಗೆಲ್ಲ ಅವರು ಸ್ಟುಡಿಯೋ ಅಣ್ಣ, ನನಗೂ ಅಷ್ಟೇ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಾಲೂರಿನಿಂದಲೇ ಓಡಾಡುತ್ತ ಕೋಲಾರದ ಕಾಲೇಜೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ, ಹಂಗಾಮಿಯಾಗಿ. ಪಾಠದಲ್ಲಿ ಪರದೆಯ ಮೇಲೆ ತೋರಿಸುವ ಸ್ಲೈಡುಗಳನ್ನು ಅಣ್ಣನೇ ಮಾಡಿಕೊಡುತ್ತಿದ್ದರು. ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಎರಡೂ ಬದಿಗೆ ದೀಪ ಹಚ್ಚಿ, ಕ್ಯಾಮೆರಾಕ್ಕೆ ಕಣ್ಣಿಡುವ ಮೊದಲು ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: “ಇದಿ ಎವರಿದಮ್ಮಾ? ಯಾರ್ದು ಇದು?” ನಾನು ಹೇಳಿದ ಹೆಸರು, ಪುಸ್ತಕ, ಪುಟ ಮೂರನ್ನೂ ಬಿಳಿ ಚೀಟಿಯಲ್ಲಿ ಗುಂಡಗೆ ಬರೆದು, ಚಿತ್ರದ ಕೆಳಗಿಟ್ಟು, ಆಮೇಲೆ ಫೋಟೋ ತೆಗೆಯುತ್ತಿದ್ದರು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಮದುವೆ ಫೋಟೋಗಳ ಹಿಂದೆಯೂ ನಿಂತವರ ಹೆಸರೆಲ್ಲ ಕೇಳಿ ಬರೆಯುತ್ತಿದ್ದರು. “ಹತ್ತು ವರ್ಷ ಬಿಟ್ರೆ ಮನೆಯೋರೇ ಯಾರಿದು ಅಂತಾರಮ್ಮ. ಫೋಟೋ ಇರ್ತದೆ, ಮನುಷ್ಯ ಇರಲ್ಲ.”

ಒಮ್ಮೆ ಬೆಂಗಳೂರಿನ ವಿಚಾರ ಸಂಕಿರಣದಲ್ಲಿ ಮುಳಬಾಗಿಲು ಕಡೆಯ ಕೆರೆಗಳ ಬಗ್ಗೆ ಮಾತನಾಡುವ ಅವಕಾಶ ಬಂತು. ಚೆನ್ನಾಗಿ ಆದರೆ ಕೆಲಸ ಕಾಯಂ ಆಗಬಹುದು ಎಂದು ಪ್ರಿನ್ಸಿಪಾಲರು ಹೇಳಿದ್ದರು. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೇಗೆ ಇಳಿಯುತ್ತದೆಂದು ತೋರಿಸುವ ನಕ್ಷೆಯೇ ನನ್ನ ಮಾತಿನ ಜೀವ. ಆದರೆ ನಕ್ಷೆ ನನ್ನದಲ್ಲ, ಹಿರಿಯ ಸಂಶೋಧಕರೊಬ್ಬರ ಹಳೆಯ ಪ್ರಬಂಧದ್ದು. ಅದೊಂದಕ್ಕೆ ಚೀಟಿ ಬೇಡ ಎಂದೆ.

“ಯಾಕಮ್ಮಾ, ನೀವೇ ಬರ್ದಿದ್ದಾ?”

“ಅಕ್ಷರ ಇದ್ರೆ ನಕ್ಷೆ ಅಂದ ಕೆಡುತ್ತೆ, ಅಣ್ಣ.”

“ಅಂದಾನಾ!” ಎಂದು ನಕ್ಕರು. “ಎರವಲು ಸರ ಹಾಕ್ಕೊಂಡು ಫೋಟೋಕ್ಕೆ ಬರೋರೂ ಹಿಂಗೇ ಅಂತಾರೆ. ಆಗ್ಲಿ, ಹೋಗಿ ಬನ್ನಿ.”

ನಾನು ಮುಖ ಬಿಗಿದುಕೊಂಡು ಬಂದೆ.

ಸಂಕಿರಣದ ದಿನ ಬೆಳಿಗ್ಗೆ ಸ್ಟುಡಿಯೋದಿಂದ ಸ್ಲೈಡುಗಳ ಪೆಟ್ಟಿಗೆ ತೆಗೆದುಕೊಂಡು ರೈಲಿಗೆ ಓಡಿದೆ, ಬಿಚ್ಚಿ ನೋಡಲಿಲ್ಲ. ಸಭಾಂಗಣದ ಕಿಟಕಿಗಳನ್ನು ಮುಚ್ಚಿದರು. ಆ ನಕ್ಷೆ ಪರದೆಯ ಮೇಲೆ ಬಿದ್ದ ಕೂಡಲೇ ಮುಂದಿನ ಸಾಲಿನಲ್ಲಿ ವೃದ್ಧರೊಬ್ಬರು ಎದ್ದು ನಿಂತರು.

“ಇದು ನಾನು ಬರೆದ ನಕ್ಷೆ.”

ನಾನು ಪರದೆಯ ಕಡೆ ತಿರುಗಿದೆ. ನಕ್ಷೆಯ ಕೆಳಗೆ, ತುಸು ಓರೆಯಾಗಿ, ಅದೇ ಗುಂಡನೆಯ ಅಕ್ಷರ: ಅವರ ಹೆಸರು, ಪ್ರಬಂಧ, ಪುಟ. ವೃದ್ಧರು ಕನ್ನಡಕ ಸರಿಮಾಡಿಕೊಂಡು ಓದಿದರು.

“ಹೆಸರು ಹಾಕಿದ್ದೀರಿ. ಇದನ್ನು ಎಷ್ಟೋ ಜನ ತೋರಿಸಿದ್ದಾರಮ್ಮ, ಹಾಕಿದವರು ನೀವೇ ಮೊದಲು,” ಎಂದು ಕೂತರು. ಚಪ್ಪಾಳೆ ಬಿತ್ತು. ಹಾಕಿದ್ದು ನಾನಲ್ಲ ಎಂದು ಆಗ ನಾನು ಹೇಳಲಿಲ್ಲ.

ಸಂಜೆ ರೈಲಿಳಿದು ನೇರ ಸ್ಟುಡಿಯೋಕ್ಕೆ ಹೋದೆ.

“ಬೇಡ ಅಂದಿದ್ದೆನಲ್ಲ, ಅಣ್ಣ?”

“ಅಂದ್ರಿ.” ಡ್ರಾಯರಿನಿಂದ ಇನ್ನೊಂದು ಸ್ಲೈಡು ತೆಗೆದು ತೋರಿಸಿದರು, ಚೀಟಿಯಿಲ್ಲದ್ದು. “ಹೆಸರು ಪ್ರಬಂಧದ ಮೇಲೇ ಇತ್ತಲ್ಲಮ್ಮ, ಎರಡೂ ತೆಗ್ದಿದ್ದೆ. ಎರಡೂ ಕೊಟ್ರೆ ಯಾವ್ದು ಹಾಕೋದು ಅಂತ ನಿಮಗೆ ಕಷ್ಟ. ಅದಕ್ಕೇ ಇದನ್ನ ನಾನೇ ಇಟ್ಕೊಂಡೆ. ಬೈಯೋದಾದ್ರೆ ಬೈದ್ಬಿಡಿ.”

ಬೈಯಲಾಗಲಿಲ್ಲ. ಅಳು ಬಂತು. ಅವರು ಕಾಫಿ ತರಿಸಿದರು. ಆ ವಾರವೇ ವೃದ್ಧರಿಗೆ ನಡೆದದ್ದನ್ನೆಲ್ಲ ಬರೆದು ತಿಳಿಸಿದೆ. ಕೆಲಸ ಮುಂದೆ ಕಾಯಂ ಆಯಿತು.

ಆ ದಶಕ ಮುಗಿಯುವ ಮೊದಲೇ ಅಣ್ಣ ತೀರಿಕೊಂಡರು. ಅವರ ಮನೆಗೆ ಹೋಗಿ ಬಂದ ಮೇಲೆ ಸ್ಲೈಡುಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದೆ. ಪುಸ್ತಕದ ಚಿತ್ರಗಳ ಕೆಳಗೆ ಹೆಸರುಗಳಿದ್ದವು. ಆದರೆ ಶ್ರೀನಿವಾಸಪುರದವರೆಗೂ ನನ್ನ ಜೊತೆ ಬಸ್ಸಿನಲ್ಲಿ ಬಂದು, ಬಿಸಿಲಲ್ಲಿ ಕೆರೆ ಏರಿಯ ಮೇಲೆ ನಿಂತು ಅವರೇ ತೆಗೆದ ಚಿತ್ರಗಳ ಕೆಳಗೆ ಏನೂ ಇರಲಿಲ್ಲ. ಎಲ್ಲರ ಹೆಸರು ಕೇಳಿದವರು ಇದು ನನ್ನದು ಎಂದು ಒಮ್ಮೆಯೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಪ್ರತಿಯೊಂದರ ರಟ್ಟಿನ ಚೌಕಟ್ಟಿನ ಮೇಲೂ ಅವರ ಹೆಸರು ಬರೆದೆ. ಚೌಕಟ್ಟಿನ ಮೇಲೆ ಬರೆದದ್ದು ಪರದೆಯ ಮೇಲೆ ಕಾಣುವುದಿಲ್ಲ. ಅದಕ್ಕೇ ನಿವೃತ್ತಳಾಗುವವರೆಗೂ, ಆ ಚಿತ್ರಗಳು ಬಂದಾಗಲೆಲ್ಲ, ತರಗತಿಯ ಕತ್ತಲಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದೆ.