ಕರಡಿ ಆಂಟಿ ನೋಡಿದ ಮುಖ

ಹೋದ ತಿಂಗಳು ಅಮೆರಿಕದ ರೆಸ್ಟನ್ನಿನ ನಮ್ಮ ಬೀದಿಯ ಕೊನೆಯ ಮನೆಯವರು ಬೇಡದ ಸಾಮಾನು ಮಾರಲು ಗರಾಜ್ ಸೇಲ್ ಇಟ್ಟಿದ್ದರು. ಹಳೆಯ ಸ್ಲೈಡ್ ಪ್ರೊಜೆಕ್ಟರ್ ಒಂದು ಇನ್ನೂ ಕೆಲಸ ಮಾಡುತ್ತದೆ ಎಂದು ತೋರಿಸಲು ಮನೆಯ ಯಜಮಾನರು ಅದಕ್ಕೆ ಪ್ಲಗ್ ಹಾಕಿದರು. ಫ್ಯಾನ್ ಗುರ್ರೆಂದಿತು, ಬಲ್ಬು ಹತ್ತಿತು, ವರ್ಷಗಟ್ಟಲೆ ಅದರ ಮೇಲೆ ಕೂತಿದ್ದ ಧೂಳು ಸುಡತೊಡಗಿತು. ಬಿಸಿ ತಗಡು, ಸುಟ್ಟ ಧೂಳು, ಒಂದಿಷ್ಟು ಪ್ಲಾಸ್ಟಿಕ್ಕು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಯಲ್ಲಿ ಹಿಡಿದಿದ್ದ ಹೂದಾನಿಯನ್ನು ಕೆಳಗಿಟ್ಟು ಅಲ್ಲೇ ನಿಂತುಬಿಟ್ಟೆ. ಕಣ್ಣ ಮುಂದೆ ಡರ್ಹಮ್ ಊರಿನ ಒಂದು ಮನೆಯ ಹಾಲ್, ಎಳೆದ ಪರದೆಗಳು, ಗೋಡೆಯ ತುಂಬ ಒಂದು ಕಂದು ಕರಡಿ, ಅದರ ಪಕ್ಕ ಕೈಯಲ್ಲಿ ಚಹಾ ಲೋಟ ಹಿಡಿದ ಆಂಟಿ.

ತೊಂಬತ್ತರ ದಶಕದ ಆರಂಭದ ಮಾತು. ನನ್ನ ಗಂಡನಿಗೆ ಡರ್ಹಮ್ಮಿನಲ್ಲಿ ಸಂಶೋಧನೆಯ ಕೆಲಸ. ಮದುವೆಯಾಗಿ ಮೈಸೂರಿನಿಂದ ಬಂದ ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಹುಬ್ಬಳ್ಳಿಯ ಕಡೆಯ ಒಬ್ಬ ಲೇಡಿ ಡಾಕ್ಟರ್ ಇದ್ದರು. ಐವತ್ತು ದಾಟಿದ ವಯಸ್ಸು, ಗಿಡ್ಡ ಆಳು, ಕತ್ತರಿಸಿದ ಕೂದಲು, ಗಂಡಸರ ವಾಚು. ಮದುವೆಯಾಗಿರಲಿಲ್ಲ. ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಕೆಲಸ. ರೋಗಿಗಳು ಅವರನ್ನು ನೋಡುತ್ತಿರಲಿಲ್ಲ, ಅವರೂ ರೋಗಿಗಳನ್ನು ನೋಡುತ್ತಿರಲಿಲ್ಲ. ರೋಗಿಗಳ ಮೈಯಿಂದ ತೆಗೆದ ತುಣುಕುಗಳು ಮಾತ್ರ ಅವರ ಕಣ್ಣೆದುರು ಬರುತ್ತಿದ್ದವು.

ಬೇಸಿಗೆ ಬಂತೆಂದರೆ ಅವರು ರಜೆ ಹಾಕಿ ಅಲಾಸ್ಕಾಕ್ಕೆ ಹೊರಟುಬಿಡುತ್ತಿದ್ದರು. ಕಾಡು ಕರಡಿಗಳ ಫೋಟೋ ತೆಗೆಯಲು. ನಮ್ಮ ಕನ್ನಡ ಜನಕ್ಕೆ ಇದು ಅರ್ಥವೇ ಆಗುತ್ತಿರಲಿಲ್ಲ. ಒಂದು ಸಲ ಸ್ಕೂಲಿನ ಕೆಫೆಟೇರಿಯಾದಲ್ಲಿ ನಡೆದ ಯುಗಾದಿ ಕಾರ್ಯಕ್ರಮದಲ್ಲಿ, ಊಟಕ್ಕೆ ಮೊದಲು ತಮ್ಮ ಸ್ಲೈಡುಗಳನ್ನು ತೋರಿಸಲು ಒಪ್ಪಿದ್ದರು. ಹೊಳೆಯಲ್ಲಿ ನಿಂತ ಕರಡಿ, ಹುಲ್ಲಿನಲ್ಲಿ ಮಲಗಿದ ಕರಡಿ, ಕೆರೆದುಕೊಳ್ಳುವ ಕರಡಿ. ಗಂಡಸರು ಒಬ್ಬೊಬ್ಬರಾಗಿ ಎದ್ದು ಪಾರ್ಕಿಂಗ್ ಲಾಟಿಗೆ ಹೋದರು. ಹೆಂಗಸರು ಹೋಳಿಗೆ ಬಿಸಿ ಮಾಡಲು ಹೊರಟರು. ಕೊನೆಯವರೆಗೆ ನೆಲದ ಮೇಲೆ ಕೂತು ಬಾಯಿ ಬಿಟ್ಟು ನೋಡಿದ್ದು ಮಕ್ಕಳು ಮಾತ್ರ. ಅಂದಿನಿಂದ ಅವರಿಗೆ ಕರಡಿ ಆಂಟಿ ಎಂದೇ ಹೆಸರಾಯಿತು. ಅವರಿಗೂ ಅದು ಇಷ್ಟವಿತ್ತು ಅನ್ನಿಸುತ್ತದೆ.

ಯಾಕೆ ಕರಡಿಯೇ ಎಂದು ನಾನೊಮ್ಮೆ ಕೇಳಿದ್ದೆ.

"ದಿನಾ ಮೈಕ್ರೋಸ್ಕೋಪಿನಾಗ ಸತ್ತದ್ದನ್ನ ನೋಡ್ತೀನವಾ. ವರ್ಷಕ್ಕ ಒಮ್ಮೆರೆ ಬದುಕಿದ್ದನ್ನ ನೋಡಬ್ಯಾಡೇನು? ಅದೂ ಇಷ್ಟು ದೊಡ್ಡದು, ಬರಿಗಣ್ಣಿಗೆ ಕಾಣೋದು," ಎಂದು ನಕ್ಕಿದ್ದರು.

ನಾನು ಬಸುರಾದಾಗ ಆಂಟಿ ವಾರಕ್ಕೊಮ್ಮೆ ಜೋಳದ ರೊಟ್ಟಿ ಬಡಿದು ತಂದುಕೊಡುತ್ತಿದ್ದರು. ಎಂಟನೆಯ ತಿಂಗಳಲ್ಲಿ ಒಂದು ದಿನ ಮಗು ಅಲುಗಾಡುವುದು ನಿಂತಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ... ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಔಷಧಿಯ ಮಂಪರಿನಿಂದ ಪೂರ್ತಿ ಎಚ್ಚರವಾದಾಗ ಎಲ್ಲ ಮುಗಿದಿತ್ತು. ಹೆಣ್ಣು ಮಗು ಎಂದರು. ಊರಿನಿಂದ ಫೋನಿನಲ್ಲಿ ಹಿರಿಯರು ನೋಡುವುದು ಬೇಡ, ನೋಡಿದರೆ ಮರೆಯಲಾಗುವುದಿಲ್ಲ ಎಂದು ನನ್ನ ಗಂಡನಿಗೆ ಹೇಳಿದ್ದರಂತೆ. ನಾನು ನೋಡಲಿಲ್ಲ, ಗಂಡನೂ ನೋಡಲಿಲ್ಲ. ಮನೆಗೆ ಬಂದ ಮೇಲೆ ನನಗೆ ಎದೆಹಾಲು ಬಂತು. ಅದರ ಬಗ್ಗೆ ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ.

ನೋಡಲು ಬಂದವರೆಲ್ಲ ನೀವಿನ್ನೂ ಚಿಕ್ಕವರು, ಇನ್ನೊಂದಾಗುತ್ತದೆ ಎಂದರು. ಆಂಟಿ ಹಾಗೆ ಅನ್ನಲಿಲ್ಲ. ಕೆಲಸದಿಂದ ಬಂದು ನಮ್ಮ ಸೋಫಾದ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಕೆಲವೊಮ್ಮೆ ಏನನ್ನೋ ಹೇಳಲು ಹೊರಟವರಂತೆ ನನ್ನ ಕಡೆ ನೋಡಿ, ಮತ್ತೆ ಚಹಾ ಕುಡಿಯುತ್ತಿದ್ದರು. ಇಡೀ ಚಳಿಗಾಲ ಹಾಗೇ ಕಳೆಯಿತು. ಬೇಸಿಗೆ ಹತ್ತಿರವಾದಾಗ ಒಂದು ದಿನ ಹೇಳಿದರು:

"ಈ ಸಲ ನೀನೂ ಬಾ ನನ್ ಜೋಡಿ."

"ನಂಗೆ ಕ್ಯಾಮೆರಾ ಹಿಡಿಯೋಕೂ ಬರಲ್ಲ ಆಂಟಿ."

"ಕ್ಯಾಮೆರಾ ನಾ ಹಿಡೀತೀನಿ. ನೀ ಬರೇ ಕುಂಡ್ರು. ಅಲ್ಲಿ ಯಾರೂ ನಿನಗ ಏನೂ ಕೇಳಂಗಿಲ್ಲ."

ನನ್ನ ಗಂಡ ಹೋಗಿ ಬಾ ಎಂದರು. ಆ ಮನೆಯಲ್ಲಿ ನನ್ನನ್ನು ಹೇಗೆ ಸಂತೈಸಬೇಕೆಂದು ತಿಳಿಯದೆ ಅವರೂ ಸೋತಿದ್ದರು.

ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವೊಂದು ನಮ್ಮನ್ನು ಅಲಾಸ್ಕಾದ ಕರಾವಳಿಯ ಒಂದು ಕೊಲ್ಲಿಯಲ್ಲಿ ಇಳಿಸಿತು. ಹಿಂದೆ ಹಿಮ ಹೊತ್ತ ಬೆಟ್ಟಗಳು, ಮುಂದೆ ಸಮುದ್ರ, ನಡುವೆ ಸೊಂಟದೆತ್ತರದ ಹಸಿರು ಹುಲ್ಲು. ಮರದ ವಸತಿಗೃಹವೊಂದನ್ನು ಬಿಟ್ಟರೆ ಮನುಷ್ಯರ ಗುರುತೇ ಇಲ್ಲ. ಗೈಡ್ ಆಗಿದ್ದ ಅಮೆರಿಕನ್ ಹೆಂಗಸು ನಮ್ಮನ್ನು ಸಾಲಾಗಿ ನಡೆಸಿಕೊಂಡು ಹೋಗಿ, ಓಡಬೇಡಿ, ಚದುರಬೇಡಿ, ಕೂತಲ್ಲೇ ಕೂತಿರಿ ಎಂದಳು. ಕರಡಿಗಳು ದೂರದಲ್ಲಿ ನಮ್ಮ ಊರಿನ ಹಸುಗಳ ಹಾಗೆ ತಲೆ ತಗ್ಗಿಸಿ ಹುಲ್ಲು ಮೇಯುತ್ತಿದ್ದವು! ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು.

ಆಂಟಿ ಅಲ್ಲಿ ಬೇರೆಯೇ ವ್ಯಕ್ತಿಯಾಗಿಬಿಟ್ಟಿದ್ದರು. ಬೆರಳ ತುದಿ ಕತ್ತರಿಸಿದ ಕೈಗವಸು, ಮಳೆ ಹನಿಗೆ ಕ್ಯಾಮೆರಾದ ಮೇಲೊಂದು ಪ್ಲಾಸ್ಟಿಕ್ ಚೀಲ, ಸ್ಟ್ಯಾಂಡಿನ ಮೇಲೆ ಅವರ ತೋಳಿಗಿಂತ ಉದ್ದದ ಲೆನ್ಸು. ಗಂಟೆಗಟ್ಟಲೆ ಒಂದೂ ಫೋಟೋ ತೆಗೆಯದೆ ಕೂತಿರುತ್ತಿದ್ದರು. "ಕಣ್ಣಾಗ ಬೆಳಕು ಬರಬೇಕು. ಅಲ್ಲೀತನಕ ಬಟನ್ ಒತ್ತಬಾರದು. ಒತ್ತಿದ್ರ ಬರೇ ತುಪ್ಪಳ ಬರತೈತಿ, ಕರಡಿ ಬರಂಗಿಲ್ಲ," ಎಂದು ಪಿಸುಗುಟ್ಟಿದರು.

ಕಿವಿ ಹರಿದ ಒಂದು ತಾಯಿ ಕರಡಿ ಇತ್ತು. ಅದಿನ್ನೂ ಒಂಟಿಯಾಗಿ ತಿರುಗುತ್ತಿದ್ದ ಕಾಲದಿಂದ ಆಂಟಿಗೆ ಅದರ ಪರಿಚಯ. ಆ ವರ್ಷ ಅದರ ಜೊತೆ ಎರಡು ಮರಿಗಳಿದ್ದವು. ನಮಗೆ ಕಾಣುವಷ್ಟು ಹತ್ತಿರದಲ್ಲಿ ಅದು ಅಂಗಾತ ಮಲಗಿ ಮರಿಗಳಿಗೆ ಹಾಲು ಕೊಟ್ಟಿತು. ಹಾಲು ಕುಡಿಯುವಾಗ ಮರಿಗಳು ಗುಂಯ್ಗುಡುತ್ತವೆ, ದೂರದಲ್ಲೆಲ್ಲೋ ಮೋಟಾರು ಓಡಿದ ಹಾಗೆ. ಆ ಸದ್ದು ಕೇಳಿ ನಾನು ನನ್ನ ಎರಡೂ ತೋಳುಗಳನ್ನು ಎದೆಗೆ ಬಿಗಿಯಾಗಿ ಕಟ್ಟಿಕೊಂಡೆ. ಆಂಟಿ ಲೆನ್ಸಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು.

ಹೊರಡುವುದಕ್ಕೆ ಮುಂಚಿನ ದಿನ, ಮಧ್ಯಾಹ್ನ, ಹೊಳೆಯ ಆಚೆಯಿಂದ ಭಾರೀ ಗಂಡು ಕರಡಿಯೊಂದು ಬಂತು. ತಾಯಿ ತಲೆಯೆತ್ತಿ ಗಾಳಿ ಮೂಸಿತು. ಮರಿಗಳನ್ನು ಮುಂದೆ ಮಾಡಿಕೊಂಡು ದಿಬ್ಬದ ಕಡೆ ಓಡತೊಡಗಿತು. ಒಂದು ಮರಿ ಮೇಲೆ ಹತ್ತಿತು. ಇನ್ನೊಂದು ಹುಲ್ಲಿನಲ್ಲಿ ಎಡವಿ ಹಿಂದೆ ಬಿತ್ತು. ತಾಯಿ ತಿರುಗಿ ಬಂದು ಆ ಗಂಡಿನ ಮೇಲೆ ಬಿದ್ದಾಗ ಅದು ಮಾಡುವುದನ್ನು ಮಾಡಿಯಾಗಿತ್ತು. ತಾಯಿಯ ಕೂಗು ಬೆಟ್ಟಕ್ಕೆ ಬಡಿದು ವಾಪಸು ಬರುತ್ತಿತ್ತು. ಗಂಡು ಅಷ್ಟು ದೂರ ಹೋಗಿ ನಿಂತಿತು. ತಾಯಿ ಸತ್ತ ಮರಿಯ ಹತ್ತಿರ ಬಂದು ಮೂಗಿನಿಂದ ಅದನ್ನು ಹೊರಳಿಸಿತು. ಮತ್ತೆ ಹೊರಳಿಸಿತು...

ನನ್ನ ಪಕ್ಕದಲ್ಲಿ ಕ್ಯಾಮೆರಾ ಸದ್ದು ಮಾಡುತ್ತಲೇ ಇತ್ತು. ಕ್ಲಿಕ್, ಕ್ಲಿಕ್. "ಸಾಕು ಆಂಟಿ, ನಿಲ್ಲಿಸಿ," ಎಂದೆ. ಅವರು ನಿಲ್ಲಿಸಲಿಲ್ಲ. ಫಿಲ್ಮ್ ರೋಲು ಮುಗಿಯಿತು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿದ್ದರೂ ಹೊಸ ರೋಲು ಹಾಕಿ ಮತ್ತೆ ತೆಗೆಯತೊಡಗಿದರು. ದಿಬ್ಬದ ಮೇಲಿಂದ ಉಳಿದ ಮರಿ ಅಳುತ್ತಿತ್ತು. ಕೊನೆಗೆ ತಾಯಿ ಅದರ ಕಡೆಗೆ ನಡೆಯಿತು. ನಾನು ಆಂಟಿಗೆ ಬೆನ್ನು ಮಾಡಿ ಕೂತುಬಿಟ್ಟೆ.

ವಸತಿಗೃಹಕ್ಕೆ ಮರಳಿದ ಮೇಲೆ ನಾನು ಒಳಗೆ ಹೋಗಲಿಲ್ಲ. ಹೊರಗಿನ ಮರದ ಮೆಟ್ಟಿಲ ಮೇಲೆ ಕೂತಿದ್ದೆ. ಆಂಟಿ ಹುಬ್ಬಳ್ಳಿಯಿಂದ ತರಿಸಿಟ್ಟಿದ್ದ ಹಚ್ಚಿದ ಅವಲಕ್ಕಿಯ ಪೊಟ್ಟಣ ಹಿಡಿದು ಬಂದು ಪಕ್ಕದಲ್ಲಿ ಕೂತರು.

"ಸಿಟ್ಟು ಬಂದೈತೇನು ನನ್ ಮ್ಯಾಲೆ?"

"ಅದು ಸತ್ತು ಬಿದ್ದಿತ್ತು ಆಂಟಿ. ನೀವು ಫೋಕಸ್ ಮಾಡ್ತಾ ಇದ್ರಿ."

"ಹೌದು, ಮಾಡಿದೆ." ಪೊಟ್ಟಣವನ್ನು ಕೈಯಿಂದ ಕೈಗೆ ಬದಲಿಸಿದರು. "ಆ ಮರಿ ಈ ಭೂಮಿ ಮ್ಯಾಲೆ ಇತ್ತು ಅಂತ ಯಾರಿಗೆ ಗೊತ್ತೈತಿ ಹೇಳು. ಅದರವ್ವಗ, ನಮಗ. ನಾವೂ ಮುಖ ತಿರುವಿದ್ರ ಮುಗದ ಹೋತಲ್ಲ."

ಅವರು ಪೊಟ್ಟಣವನ್ನು ಬಿಚ್ಚಲೇ ಇಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಸಮುದ್ರ ನೋಡುತ್ತ ಹೇಳಿದರು:

"ಒಂದು ಮಾತು ಹೇಳೋದೈತಿ. ನೀ ಕೇಳ್ತೀ ಅಂತ ಕಾದೆ. ನಿನಗ ಗೊತ್ತೇ ಇಲ್ಲ ಅಂದಮ್ಯಾಲೆ ಹೆಂಗ ಕೇಳ್ತೀ... ನಿನ್ ಕೂಸು ನಮ್ಮ ಡಿಪಾರ್ಟ್‌ಮೆಂಟಿಗೆ ಬಂದಿತ್ತವಾ. ಪರೀಕ್ಷೆ ಮಾಡಿದ್ದು ನಾ ಅಲ್ಲ. ಆದ್ರ ನಿನ್ ಹೆಸರು ನೋಡಿದೆ. ಹೋದೆ. ಎತ್ಕೊಂಡೆ."

"ಎತ್ಕೊಂಡ್ರಾ?"

"ಹ್ಞೂಂ. ಕಿಡಕಿ ಕಡೆ ಬಿಸಿಲಿತ್ತು. ಅಲ್ಲಿ ಎತ್ಕೊಂಡು ನಿಂತೆ. ಹಂಗ ಒಂಟಿಯಾಗಿ ಬಿಟ್ಟು ಹೋಗಾಕ ಮನಸು ಬರಲಿಲ್ಲ. ಮೂಗು ಥೇಟ್ ನಿನ್ನಂಗ. ತಲಿ ತುಂಬ ಕೂದಲ."

ಅಷ್ಟು ದಿನ ನನ್ನ ಪಾಲಿಗೆ ಅದು ಮುಖವಿಲ್ಲದ ದುಃಖವಾಗಿತ್ತು. ಈಗ ಅದಕ್ಕೊಂದು ಮೂಗು ಬಂತು, ಕೂದಲು ಬಂತು. ಅದು ನನ್ನ ಮಗಳಾಯಿತು. ನಾನು ಬಿಕ್ಕಿಬಿಕ್ಕಿ ಅತ್ತೆ. ಆಂಟಿ ಗಾಬರಿಯಾಗಿ, "ಹೇಳಬಾರದಿತ್ತೇನವಾ? ತಪ್ಪು ಮಾಡಿದ್ನೇನು?" ಎಂದು ಬೆನ್ನು ಸವರಿದರು.

"ಇನ್ನೊಂದ್ಸಲ ಹೇಳಿ ಆಂಟಿ," ಎಂದೆ.

ಅವರು ಇನ್ನೊಂದು ಸಲ ಹೇಳಿದರು.

ಎರಡು ವರ್ಷದ ಮೇಲೆ ನನಗೆ ಮಗ ಹುಟ್ಟಿದ. ಗಂಡನ ಕೆಲಸ ಬದಲಾಗಿ ನಾವು ರೆಸ್ಟನ್ನಿಗೆ ಬಂದೆವು. ಆಂಟಿ ಆಗಾಗ ಡರ್ಹಮ್ಮಿನಿಂದ ಡ್ರೈವ್ ಮಾಡಿಕೊಂಡು ಬಂದು ವಾರಾಂತ್ಯ ನಮ್ಮಲ್ಲಿ ಉಳಿಯುತ್ತಿದ್ದರು. ಪ್ರತಿ ಸಲ ಅವರು ಬಂದಾಗಲೂ ನಾನು ಮಗಳ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದೆ. ಒಂದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ. ಎಲ್ಲವನ್ನೂ ಒಮ್ಮೆಗೇ ಕೇಳಿಬಿಟ್ಟರೆ ಆಮೇಲೆ ಹೊಸದೇನೂ ಉಳಿಯುವುದಿಲ್ಲವಲ್ಲ ಎಂಬ ಭಯ. ಒಮ್ಮೆ ನಮ್ಮ ಮನೆಯಿಂದ ಒಂದು ಗಂಟೆ ದೂರದ ಲ್ಯಾನ್‌ಹ್ಯಾಮಿನ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ, ಕಾರಿನಲ್ಲಿ ಕೂತು ಪುಳಿಯೋಗರೆ ತಿನ್ನುತ್ತ ಕೇಳಿದ್ದೆ: "ಬಣ್ಣ ಯಾರ ಥರ ಇತ್ತು ಆಂಟಿ?" ಅವರು ತಿನ್ನುವುದನ್ನು ನಿಲ್ಲಿಸಿ, ಯೋಚಿಸಿ, ತಮ್ಮ ಕೆಲಸದಲ್ಲಿ ಹೇಗೋ ಹಾಗೆ ನಿಖರವಾಗಿ ಉತ್ತರ ಕೊಟ್ಟರು. ನನ್ನ ಸಮಾಧಾನಕ್ಕೆಂದು ಏನನ್ನೂ ಸೇರಿಸುತ್ತಿರಲಿಲ್ಲ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನುತ್ತಿದ್ದರು. ಅದಕ್ಕೇ ಅವರು ಹೇಳಿದ್ದೆಲ್ಲ ನನಗೆ ನಿಜವಾಗಿತ್ತು.

ದಶಕದ ಕೊನೆಯಲ್ಲಿ ಅವರಿಗೆ ಕ್ಯಾನ್ಸರ್ ಬಂತು. ಫೋನಿನಲ್ಲಿ, ಬೇರೆ ಯಾರದೋ ರಿಪೋರ್ಟ್ ಓದಿದಂತೆ ಹೇಳಿದರು. ಆ ಬೇಸಿಗೆ ಅಲಾಸ್ಕಾಕ್ಕೆ ಹೋಗಲಾಗಲಿಲ್ಲ. ಎಲೆ ಉದುರುವ ಕಾಲಕ್ಕೆ ನಾನು ಡರ್ಹಮ್ಮಿಗೆ ಹೋದಾಗ ಮನೆಯ ಹಾಲ್‌ನಲ್ಲೇ ಹಾಸಿಗೆ ಹಾಕಿಸಿಕೊಂಡಿದ್ದರು. ಕೈಗಳು ಕಡ್ಡಿಯಾಗಿದ್ದವು.

"ಕರಡಿ ಹಾಕು," ಎಂದರು.

ಪರದೆ ಎಳೆದು ಪ್ರೊಜೆಕ್ಟರ್ ಹಾಕಿದೆ. ಒಂದೊಂದು ಸ್ಲೈಡಿಗೂ ಅವರು "ಮುಂದ" ಎನ್ನುತ್ತಿದ್ದರು, ನಾನು ಗುಂಡಿ ಒತ್ತುತ್ತಿದ್ದೆ. ಹೊಳೆಯ ಕರಡಿ. ಮುಂದ. ಮಲಗಿದ ಕರಡಿ. ಮುಂದ. ಆಮೇಲೆ ಗೋಡೆಯ ಮೇಲೆ ಕಿವಿ ಹರಿದ ತಾಯಿ ಬಂತು, ಸತ್ತ ಮರಿಗೆ ಮೂಗು ತಾಗಿಸಿಕೊಂಡು. ಈ ಫೋಟೋವನ್ನು ಅವರು ಯಾರಿಗೂ ತೋರಿಸಿರಲಿಲ್ಲ. ಬೆನ್ನು ತಿರುಗಿಸಿ ಕೂತಿದ್ದ ನಾನು ಇದನ್ನು ಮೊದಲ ಸಲ ನೋಡುತ್ತಿದ್ದೆ. ತಾಯಿಯ ಕಣ್ಣಿನಲ್ಲಿ ಬೆಳಕಿತ್ತು. ಮರಿಯ ಪುಟ್ಟ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಆಂಟಿ "ಮುಂದ" ಅನ್ನಲಿಲ್ಲ. ನಾನೂ ಒತ್ತಲಿಲ್ಲ.

"ಚಂದ ಇತ್ತಲ್ಲ ಮರಿ," ಎಂದರು ಬಹಳ ಹೊತ್ತಿನ ಮೇಲೆ.

"ಹೌದು ಆಂಟಿ."

ಅಂದು ನಾನು ನನ್ನ ಪ್ರಶ್ನೆ ಕೇಳಲಿಲ್ಲ. ಅವರಿಗೆ ಆಯಾಸವಾಗಿತ್ತು, ಕಣ್ಣು ಮುಚ್ಚಿಕೊಂಡಿದ್ದರು. ಮುಂದಿನ ಸಲ ಬಂದಾಗ ಕೇಳೋಣ ಎಂದುಕೊಂಡು ಕಂಬಳಿ ಹೊದಿಸಿ ಹೊರಟೆ. ಆ ಮುಂದಿನ ಸಲ ಬರಲೇ ಇಲ್ಲ, ಅಷ್ಟರಲ್ಲಿ ಆಂಟಿ ತೀರಿಕೊಂಡರು. ಅವರ ತಮ್ಮನ ಮಗ ಹುಬ್ಬಳ್ಳಿಯಿಂದ ಬಂದು ಮನೆ ಖಾಲಿ ಮಾಡಿಸಿದ. ಸ್ಲೈಡುಗಳ ಡಬ್ಬಿಗಳು ಎಲ್ಲಿಗೆ ಹೋದವೋ...

ಗರಾಜ್ ಸೇಲ್ ನಡೆದ ವಾರವೇ ನನ್ನ ಮಗನಿಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಸೊಸೆ ಮಗುವನ್ನು ನನ್ನ ಕೈಗೆ ಕೊಟ್ಟಳು. "ಲುಕ್ ಅಮ್ಮ, ನೋಸ್ ನಿಮ್ ಥರ ಇದೆ ಅಲ್ವಾ?" ಎಂದ ಮಗ, ತನ್ನ ಅಮೆರಿಕನ್ ಕನ್ನಡದಲ್ಲಿ. ಹೌದು ಎಂದೆ. ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತೆ. ಬಟ್ಟೆಯೊಳಗಿಂದ ಪುಟ್ಟ ಕೈಯೊಂದು ಹೊರಬಂದು ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿತು. ಎಷ್ಟು ಉದ್ದನೆಯ ಬೆರಳುಗಳು!

ನನ್ನ ಮಗಳ ಬೆರಳುಗಳು ಹೇಗಿದ್ದವು ಎಂದು ನಾನು ಕೇಳಿರಲೇ ಇಲ್ಲ. ಕೇಳಿದರೆ ಹೇಳುವವರು ಇನ್ನು ಯಾರೂ ಇಲ್ಲ.